ಕಪ್ಪು ತಂತಿ, ಬಿಳಿ ತಂತಿ

ಆಗಸ್ಟ್ ೪, ಸೋಮವಾರ

ಐದಕ್ಕೇ ಎಚ್ಚರ. ಜೂನಿನಲ್ಲಿ ಕೆಲಸ ಬಿಟ್ಟಿದ್ದು ಮೈಗೆ ಇನ್ನೂ ಗೊತ್ತಾಗಿಲ್ಲ. ಶಾಲೆಯ ಬಸ್ಸನ್ನು ಈಗ ಬೇರೆ ಯಾರೋ ಓಡಿಸುತ್ತಾರೆ. ನನ್ನ ಬಲಗಾಲು ಮಾತ್ರ ಹಾಸಿಗೆಯಲ್ಲೇ ಬ್ರೇಕ್ ಹುಡುಕುತ್ತದೆ. ಕಾಫಿ. ನಾರ್ಬರ್ಟ್‌ಗೆ ಕಣ್ಣಿನ ಮಾತ್ರೆ. ಮೊಟ್ಟೆಯನ್ನು ಅವನ ತಟ್ಟೆಯಲ್ಲಿಟ್ಟು ಎಡಕ್ಕಿದೆ ಅಂದೆ. ಕಾಣುತ್ತೆ ಅಂದ. ಕಾಣುವುದಿಲ್ಲ. ಕಣ್ಣಿನ ನಡುವೆ ಮಸುಕು, ಅಂಚಿನಲ್ಲಿ ಮಾತ್ರ ನೋಟ. ನನ್ನ ಮುಖ ನೋಡಬೇಕಾದರೆ ನನ್ನ ಕಿವಿಯಾಚೆಗೆ ನೋಡುತ್ತಾನೆ. ಹೊಸಬರಾದರೆ ಹಿಂದೆ ಯಾರಿದ್ದಾರೆ ಅಂತ ತಿರುಗಿ ನೋಡಿಕೊಳ್ಳುತ್ತಾರೆ.

ಆಮೇಲೆ ಹಿತ್ತಲಿಗೆ ಹೋಗಿ ಟ್ರೇಲರಿನ ಟಾರ್ಪಾಲು ತೆಗೆದೆ. ಅವನ ಕಣ್ಣು ಕೆಟ್ಟಾಗಿನಿಂದ ಹೊದ್ದುಕೊಂಡೇ ಮಲಗಿತ್ತು. ಒಳಗೆ ಇಲಿ ಇಲ್ಲ, ದೇವರು ದೊಡ್ಡವನು. ಎರಡು ಹಾಸಿಗೆ, ಒಂದು ಒಲೆ, ಹಳದಿ ಪರದೆ. ನಮಗಿಂತ ಸ್ವಲ್ಪವೇ ಚಿಕ್ಕ ವಯಸ್ಸು ಅದಕ್ಕೆ, ತಗಡು ಇನ್ನೂ ಹೊಳೆಯುತ್ತದೆ.

ನಾರ್ಬರ್ಟ್ ಮೆಟ್ಟಿಲ ಮೇಲಿಂದ, "ಏನ್ ಮಾಡ್ತಿದೀಯೇ ಅಲ್ಲಿ?"

"ಗಾಳಿ ಆಡ್ಲಿ ಅಂತ."

"ಒಳ್ಳೇದಾಯ್ತು. ಲೆಲ್ಯಾಂಡ್ ಬರೋ ಹೊತ್ತಿಗೆ ವಾಸನೆ ಇರಬಾರದು."

ಲೆಲ್ಯಾಂಡ್ ಅವನ ತಮ್ಮ, ನನ್ನ ಮೈದುನ. ಅವನು ಯಾಕೆ ಬರ್ತಾನೆ ಅಂತ ಕೇಳಿದೆ.

"ಟ್ರೇಲರ್ ಕೊಡ್ತೀನಿ ಅಂದಿದೀನಿ. ನವೆಂಬರಿಗೆ ಕಾಡಿಗೆ ತಗೊಂಡು ಹೋಗ್ತಾನಂತೆ, ಜಿಂಕೆ ಬೇಟೆಗೆ. ನಿಂತು ತುಕ್ಕು ಹಿಡಿಯೋದಕ್ಕಿಂತ ವಾಸಿ ಅಲ್ವಾ."

ಕೊಡ್ತೀನಿ ಅಂದಿದೀನಿ. ನನ್ನನ್ನು ಒಂದು ಮಾತು ಕೇಳಬೇಕು ಅಂತಲೂ ಅನ್ನಿಸಲಿಲ್ಲ. ಹಿಂದಿನ ವರ್ಷ ಪಿಕಪ್ ಗಾಡಿಯೂ ಹೀಗೇ ಹೋಯಿತು. ಟೊಮ್ಯಾಟೊ ಗಿಡಕ್ಕೆ ನೀರು ಹಾಕಿದೆ. ಬೇಕಾದ್ದಕ್ಕಿಂತ ಜಾಸ್ತಿ ಹಾಕಿದೆ.


ಆಗಸ್ಟ್ ೫

ಊಟದ ಹೊತ್ತಿಗೆ ತೆಗೆದೆ ಮಾತು. ಕೊಡೋದು ಬೇಡ. ಬೇಸಿಗೇಲಿ ಹೋಗ್ತಿದ್ದ ಸರೋವರಕ್ಕೆ ನಾನು ಎಳ್ಕೊಂಡು ಹೋಗ್ತೀನಿ.

"ಯಾವುದರಲ್ಲಿ?"

"ನನ್ನ ಕಾರಲ್ಲಿ."

ನಕ್ಕ. ಕೆಟ್ಟ ನಗು ಅಲ್ಲ, ಮೊಮ್ಮಗು ವಿಮಾನ ಓಡಿಸ್ತೀನಿ ಅಂದಾಗ ನಗುತ್ತಾರಲ್ಲ, ಅದು. ಅದೇ ಮೈ ಉರಿಸಿತು. ವಿಸ್ಕಾನ್ಸಿನ್‌ನ ಜನವರಿಯಲ್ಲಿ, ರಸ್ತೆ ಎಲ್ಲಿ ಹೊಲ ಎಲ್ಲಿ ತಿಳಿಯದ ಹಿಮದಲ್ಲಿ, ಊರಿನವರ ಮಕ್ಕಳನ್ನೆಲ್ಲ ಬಸ್ಸಿನಲ್ಲಿ ತುಂಬಿಕೊಂಡು ಹೋಗಿ ಬಂದವಳು ನಾನು. ಒಂದು ಮಗುವಿನ ಟೋಪಿಯೂ ಕೊಂಕಿಲ್ಲ. ಆದರೆ ಅವನ ಕಣ್ಣು ಕೆಡುವವರೆಗೂ ಮನೆಯ ಗಾಡಿ ಮಾತ್ರ ಅವನದು. ಚರ್ಚಿಗೆ ಹೋಗುವಾಗಲೂ ನಾನು ಪಕ್ಕದ ಸೀಟು. ಹೊರಗೆ ಹುಲಿ, ಮನೆಗೆ ಬಂದರೆ ಬೆಕ್ಕು… ಇದನ್ನು ಇಷ್ಟು ವರ್ಷ ಯೋಚಿಸಿಯೇ ಇರಲಿಲ್ಲ.

"ಓಡಿಸೋಕೆ ಬರುತ್ತೆ ನಿಂಗೆ, ಗೊತ್ತು. ಆದರೆ ಕೊಂಡಿ, ಬ್ಯಾಟರಿ, ದೀಪ… ಅವೆಲ್ಲ ಯಾರು ನೋಡ್ತಾರೆ? ನನ್ನ ಕೈಲಿ ಆಗಲ್ಲ ಆರ್ಡಿಸ್."

ಕಡೆಯ ಮಾತು ಮೆತ್ತಗೆ ಬಂತು. ಊರಿನ ಅರ್ಧ ಕಾರುಗಳು ಅವನ ಕೈಯಲ್ಲಿ ರಿಪೇರಿಯಾದವು. ಈಗ ಅಂಗಿಯ ಗುಂಡಿಯನ್ನೂ ತಡಕಿ ಹಾಕಿಕೊಳ್ಳುತ್ತಾನೆ. ಜಗಳ ಮುಂದುವರಿಸಲು ಮನಸ್ಸಾಗಲಿಲ್ಲ. ಬಿಟ್ಟುಬಿಟ್ಟೆ ಅಂತಲೂ ಅಲ್ಲ.


ಆಗಸ್ಟ್ ೮, ಶುಕ್ರವಾರ

ಶುಕ್ರವಾರದ ಹುರಿದ ಮೀನು. ಅದೇ ಹೋಟೆಲು, ಅದೇ ಮೇಜು, ರೈ ಬ್ರೆಡ್ಡು, ಬ್ರ್ಯಾಂಡಿ. ಲೆಲ್ಯಾಂಡ್ ಎದುರಿಗೆ. ಮೊದಲ ತುಂಡು ಬಾಯಿಗೆ ಹೋಗುವ ಮುಂಚೆಯೇ ಶುರು.

"ಅತ್ತಿಗೆ, ಟ್ರೇಲರ್ ಒಳಗಿನ ಹಳದಿ ಪರದೆ ತೆಗೆದುಬಿಡಿ. ಬೇಟೆಗೆ ಬರೋ ಗಂಡಸರು ನಕ್ಕಾರು."

"ಪರದೆ ಇರುತ್ತೆ. ಟ್ರೇಲರೂ ಇರುತ್ತೆ. ನಾನು ಸರೋವರಕ್ಕೆ ತಗೊಂಡು ಹೋಗ್ತಿದೀನಿ."

ಪಕ್ಕದ ಮೇಜಿನವರ ಚಮಚವೂ ನಿಂತಿತು. ಲೆಲ್ಯಾಂಡ್ ಅಣ್ಣನ ಮುಖ ನೋಡಿದ. ನಾರ್ಬರ್ಟ್ ಅಡ್ಡಗೋಡೆಯ ಮೇಲೆ ದೀಪ ಇಟ್ಟಹಾಗೆ, "ನೋಡೋಣ" ಅಂದ.

"ಅತ್ತಿಗೆ, ಕೋಪ ಮಾಡ್ಕೋಬೇಡಿ. ನಿಮ್ಮ ಆ ಪುಟ್ಟ ಕಾರಿಗೆ ಟ್ರೇಲರಿನ ದೀಪ ಉರಿಸೋ ಶಕ್ತಿ ಎಲ್ಲಿಂದ ಬರಬೇಕು? ಹಿಂದೆ ದೀಪ ಇಲ್ಲದೆ ಹೋದ್ರೆ ಮೊದಲನೇ ತಿರುವಲ್ಲೇ ಪೊಲೀಸ್ ನಿಲ್ಲಿಸ್ತಾನೆ. ಇಲ್ಲಾಂದ್ರೆ ಲಾರಿಯವನು ಬಂದು ಗುದ್ತಾನೆ. ಆಮೇಲೆ ಟ್ರೇಲರ್ ನಿಮಗೂ ಇಲ್ಲ, ನನಗೂ ಇಲ್ಲ."

"ಉರಿಸಿ ತೋರಿಸಿದ್ರೆ?"

"ಸೆಪ್ಟೆಂಬರ್ ಆರಕ್ಕೆ ಪಿಕಪ್ ತಗೊಂಡು ಬರ್ತೀನಿ. ಅಷ್ಟರಲ್ಲಿ ಎಲ್ಲಾ ದೀಪ ಉರಿಸಿ, ನೀವೇ ಎಳ್ಕೊಂಡು ಸರೋವರ ಮುಟ್ಟಿದ್ರೆ ಅದರ ಸುದ್ದಿಗೇ ಬರಲ್ಲ. ಇಲ್ಲಾಂದ್ರೆ ಅವತ್ತೇ ನನ್ನ ಹಿಂದೆ ಕಟ್ಕೊಂಡು ಹೋಗ್ತೀನಿ. ಇಷ್ಟು ಜನ ಸಾಕ್ಷಿ."

ಆಗಲಿ ಅಂದೆ. ಮೀನು ಆರಿಹೋಗಿತ್ತು. ಆದರೂ ಪೂರ್ತಿ ತಿಂದೆ.


ಆಗಸ್ಟ್ ೧೦, ಭಾನುವಾರ

ಹಾಳು ಬಾಯಿ ಲೆಲ್ಯಾಂಡ್‌ನದು. ಕಾರಿಗೆ ಕೊಂಡಿ ಮೊದಲೇ ಇತ್ತು, ಸೈಕಲ್ ಕಟ್ಟಲು ಹಾಕಿಸಿದ್ದು. ಟ್ರೇಲರ್ ಸಿಕ್ಕಿಸಿ, ದೀಪದ ಪ್ಲಗ್ ಚುಚ್ಚಿದೆ. ಟ್ರೇಲರಿನ ಹಿಂದಿನ ದೀಪ ಕೆಂಡದ ಹಾಗೆ ಮಂಕಾಗಿ ಒಮ್ಮೆ ಉರಿದು ಹೋಯಿತು. ಜೊತೆಗೆ ಕಾರಿನ ಹಿಂದಿನ ದೀಪವೂ ಹೋಯಿತು. ಇದ್ದದ್ದನ್ನೂ ಕಳೆದುಕೊಂಡೆ.




ಆಗಸ್ಟ್ ೧೨. ಮಧ್ಯಾಹ್ನ

ಪಕ್ಕದ ಊರಿನ ಟ್ರೇಲರ್ ಸಾಮಾನಿನ ಅಂಗಡಿ. ಕೌಂಟರಿನಲ್ಲಿ ಗಟ್ಟಿ ಹೆಂಗಸು, ಕಿವಿಯಲ್ಲಿ ಪೆನ್ಸಿಲು. ಕಥೆ ಹೇಳಿದೆ. ಅರ್ಧಕ್ಕೇ ತಲೆ ಆಡಿಸಿದಳು.

"ಹೊಸ ಕಾರುಗಳ ದೀಪದ ತಂತಿ ಕೂದಲಷ್ಟು ಸಣ್ಣ ಕಣಮ್ಮ. ತನ್ನ ದೀಪ ಉರಿಸೋಕೆ ಅಷ್ಟಕ್ಕಷ್ಟೆ. ಅದರ ಹಿಂದೆ ಇನ್ನೊಂದು ಸಂಸಾರ ಕಟ್ಟಿದ್ರೆ ತಡೆಯುತ್ತಾ? ನಿಮ್ಮ ಟ್ರೇಲರಲ್ಲಿ ಬ್ಯಾಟರಿ ಇದೆಯಾ?"

"ಜಾಗ ಇದೆ. ಬ್ಯಾಟರಿ ತೆಗೆದುಹಾಕಿದೀವಿ."

"ಹೊಸದು ಕೂರಿಸಿ. ಕಾರಿಗೂ ಟ್ರೇಲರಿಗೂ ಮಧ್ಯೆ ಈ ಡಬ್ಬಿ ಹಾಕಿ. ಕಾರು ಸುಮ್ಮನೆ ಕಣ್ಣು ಹೊಡೀಲಿ, ಎಡಕ್ಕೆ ತಿರುಗ್ತೀನಿ, ಬ್ರೇಕ್ ಹಾಕ್ದೆ ಅಂತ. ದೀಪ ಉರಿಸೋ ಕರೆಂಟೆಲ್ಲ ಟ್ರೇಲರ್ ತನ್ನ ಬ್ಯಾಟರಿಯಿಂದ ತಾನೇ ತಗೊಳುತ್ತೆ. ನಿಮ್ಮ ಕಾರಿಗೆ ಗೊತ್ತೂ ಆಗಲ್ಲ."

ಬೆಂಕಿಪೊಟ್ಟಣಕ್ಕಿಂತ ಸ್ವಲ್ಪ ದೊಡ್ಡದು ಡಬ್ಬಿ. ಬ್ಯಾಟರಿ ಪಕ್ಕದಲ್ಲಿ ಒಂದು ಫ್ಯೂಸ್ ಹಾಕೋದು ಮರೀಬೇಡಿ ಅಂತ ಎರಡು ಸಲ ಹೇಳಿದಳು. ಕಾರಿನ ಸುಟ್ಟ ಫ್ಯೂಸನ್ನೂ ಅವಳೇ ಬದಲಾಯಿಸಿಕೊಟ್ಟಳು. ಬರುವಾಗ ದಾರಿಯುದ್ದಕ್ಕೂ ಹಾಡು ಗುನುಗಿದೆ. ಯಾರೂ ಇರಲಿಲ್ಲ ಬಿಡು.

ನಾರ್ಬರ್ಟ್ ಡಬ್ಬಿಯನ್ನು ಕೈಯಲ್ಲಿ ತಿರುಗಿಸಿ ತಿರುಗಿಸಿ ನೋಡಿದ. ಬೆರಳಿಂದ ನೋಡಿದ ಅನ್ನಬೇಕು. ತಂತಿಗಳನ್ನು ಎಣಿಸಿದ. ಮೂಸಿದ. "ಬುದ್ಧಿವಂತ ಮಾಡಿದಾನೆ ಇದನ್ನ" ಅಂದ. ಎಷ್ಟು ದಿನವಾಗಿತ್ತು ಅವನ ಬಾಯಿಂದ ಇಂಥ ಮಾತು ಬಂದು. ಆಮೇಲೆ ತಾನಾಗಿಯೇ, "ನಾನು ಹೇಳ್ತಾ ಹೋಗ್ತೀನಿ, ನೀನು ಮಾಡ್ತಾ ಹೋಗು."


ಆಗಸ್ಟ್ ೧೪

ಇಡೀ ದಿನ ಟ್ರೇಲರಿನ ಕೆಳಗೆ. ಬೆನ್ನು ಹೋಯಿತು. ನಾರ್ಬರ್ಟ್ ಪಕ್ಕದಲ್ಲಿ ಕುರ್ಚಿ ಹಾಕಿಕೊಂಡು ಕಾಲ ಮೇಲೆ ಕಾಲು, ದೊರೆ ಹಾಗೆ. "ತಂತಿಯ ಸಿಪ್ಪೆ ಕಡಿಮೆ ಸುಲಿ… ಅಷ್ಟಲ್ಲ… ಕೊಡಿಲ್ಲಿ ನೋಡೋಣ." ಕೊಡುತ್ತೇನೆ, ಬೆರಳಾಡಿಸುತ್ತಾನೆ. "ಎಳೆ ಎರಡು ಕಡಿದಿದೀಯ. ಮತ್ತೆ ಸುಲಿ." ಮತ್ತೆ ಸುಲಿಯುತ್ತೇನೆ. ಅವನ ಹತ್ತಿರ ಕೆಲಸ ಕಲಿತ ಹುಡುಗರು ಯಾಕೆ ಅಷ್ಟು ಬೇಗ ಓಡಿಹೋಗುತ್ತಿದ್ದರು ಅಂತ ಈಗ ಗೊತ್ತಾಯಿತು.

ಹಾಗಂದೆ ಕೂಡ. ಗಟ್ಟಿಯಾಗಿ ನಕ್ಕ. ಪಕ್ಕದ ಮನೆಯ ನಾಯಿ ಬೊಗಳಿತು.


ಆಗಸ್ಟ್ ೧೬, ಶನಿವಾರ. ಸಂಜೆ

ಬರೆಯಲು ಮನಸ್ಸಿಲ್ಲ. ಬರೆಯುತ್ತೇನೆ.

ಹೊಸ ಬ್ಯಾಟರಿ ಕೂರಿಸಿದೆ. ಡಬ್ಬಿಯ ತಂತಿಗಳನ್ನು ಅದಕ್ಕೆ ಸೇರಿಸಿದೆ. ಇನ್ನುಳಿದಿದ್ದು ಟ್ರೇಲರಿನ ಸ್ವಂತ ತಂತಿ, ಎರಡೇ ಎರಡು. ಬಣ್ಣ ಕೇಳಿದ. ಒಂದು ಕಪ್ಪು, ಒಂದು ಬಿಳಿ ಅಂದೆ.

"ಕಪ್ಪು ಅರ್ಥ್. ಮೈನಸ್‌ಗೆ ಹಾಕು. ಬಿಳಿ ಪ್ಲಸ್‌ಗೆ."

"ಖಂಡಿತಾನಾ?"

"ನಾನು ಹುಟ್ಟಿದಾಗಿಂದ ಕಪ್ಪು ಅರ್ಥೇ."

ಹಾಕಿದೆ. ಬಾಗಿಲ ದೀಪದ ಗುಂಡಿ ಒತ್ತಿದೆ, ಉರಿಯಿತು. ಗೆದ್ದೆವು ಅಂದುಕೊಂಡೆ. ಅವನ ಭುಜ ಹಿಡಿದು ಅಲ್ಲಾಡಿಸಿದೆ. ಕಾರು ಹಿಂದಕ್ಕೆ ತಂದು ಕೊಂಡಿಗೆ ಟ್ರೇಲರ್ ಇಳಿಸಿ ಪ್ಲಗ್ ಚುಚ್ಚಿದೆ. ಟಪ್. ಬ್ಯಾಟರಿ ಪಕ್ಕದ ಫ್ಯೂಸ್ ಹೋಯಿತು. ಇನ್ನೊಂದು ಹಾಕಿದೆ. ಟಪ್. ಸುಟ್ಟ ವಾಸನೆ.

ನಾರ್ಬರ್ಟ್ ಎದ್ದು ನಿಂತ. "ಬಣ್ಣ ತಪ್ಪು ಹೇಳಿದೆ ನೀನು."

"ಇಲ್ಲ."

"ಕಪ್ಪನ್ನ ಬಿಳಿ ಅಂದಿದೀಯ. ಇಲ್ಲಾ ಹಾಕುವಾಗ ಅದಲು ಬದಲು ಮಾಡಿದೀಯ. ಇಷ್ಟು ಹೇಳಿದ್ರೂ…"

"ನನ್ನ ಕಣ್ಣಿಗೇನೂ ಆಗಿಲ್ಲ ನಾರ್ಬ್."

ಬಾಯಿಂದ ಜಾರಿಬಿಟ್ಟಿತು. ಅವನ ಮುಖ ಬಿಳಿಚಿಕೊಂಡಿತು. ಮೆಟ್ಟಿಲನ್ನು ಕಾಲಲ್ಲಿ ಹುಡುಕಿಕೊಂಡು ಒಳಗೆ ಹೋದ. ನಾನು ಕೈ ಕೊಡಲು ಹೋದರೆ ತಳ್ಳಿದ.

ಫ್ಯೂಸ್ ಇದ್ದದ್ದಕ್ಕೆ ಡಬ್ಬಿ ಉಳಿಯಿತು ಅನ್ನಿಸುತ್ತದೆ. ಉಳಿದು ಏನು ಬಂತು.


ಆಗಸ್ಟ್ ೨೩

ಮಾತಿಲ್ಲ. ಮೊಟ್ಟೆ ಎಡಕ್ಕಿದೆ, ಕಾಫಿ ಬಲಕ್ಕಿದೆ, ಅಷ್ಟೇ. ಅವನು ರೇಡಿಯೋದಲ್ಲಿ ಬೇಸ್‌ಬಾಲ್ ಕೇಳುತ್ತಾನೆ. ನಾನು ಬೀನ್ಸ್ ಉಪ್ಪಿನಕಾಯಿ ಹಾಕುತ್ತೇನೆ. ಲೆಲ್ಯಾಂಡ್ ಫೋನು ಮಾಡಿದ. "ಎಲ್ಲಿಗೆ ಬಂತು ಅತ್ತಿಗೆ ದೀಪಾರಾಧನೆ?" ಕೈಲಿ ಕೆಲಸ ಇದೆ ಅಂತ ಇಟ್ಟೆ.

ಶಾಲೆಯ ಹೊಸ ಡ್ರೈವರು ಅಭ್ಯಾಸಕ್ಕೆ ಖಾಲಿ ಬಸ್ಸು ತಗೊಂಡು ನಮ್ಮ ಬೀದಿಯಲ್ಲೇ ಹೋದಳು. ಎಡ ಇಂಡಿಕೇಟರ್ ಆರಿಸಲು ಮರೆತಿದ್ದಳು. ಬೀದಿ ಮುಗಿಯುವವರೆಗೂ ಮಿಣುಕುತ್ತಲೇ ಹೋಯಿತು. ಕಿಟಕಿಯಲ್ಲಿ ನಿಂತು ನೋಡಿದೆ, ಯಾಕೋ ಅಳು ಬಂತು.


ಆಗಸ್ಟ್ ೨೫, ಸೋಮವಾರ

ಈ ಬೆಳಿಗ್ಗೆ ಟ್ರೇಲರಿನೊಳಗೆ ಹೋಗಿ ಕೂತೆ. ಕೊಡುವುದೇ ಆದರೆ ಪರದೆ ತೆಗೆದುಕೊಂಡು ಬರೋಣ ಅಂತ. ಪರದೆ ಬಿಚ್ಚುವಾಗ ಗಮನಿಸಿದೆ. ಒಳಗಿನ ಗೋಡೆ ಹಲಗೆ, ಮನೆಗೆ ಹಾಕುವ ಮೊಳೆ. ಬೀರುವಿನ ಕೀಲು ಥೇಟ್ ನಮ್ಮ ಅಡುಗೆಮನೆಯದರ ಥರದ್ದು. ಕಾರಿನ ಗ್ಯಾರೇಜಿನಲ್ಲಿ ಇಂಥದ್ದು ಒಂದೂ ನೋಡಿಲ್ಲ.

ಚಾವಣಿಯ ದೀಪ ಬಿಚ್ಚಿದೆ. ಕಪ್ಪು ತಂತಿ ಗುಂಡಿಗೆ ಹೋಗಿದೆ. ಬಿಳಿ ತಂತಿ ಹೋಗಿ ಹಲಗೆಯ ಹಿಂದಿನ ತಗಡಿಗೆ ತಿರುಪು ಹಾಕಿಸಿಕೊಂಡಿದೆ.

ಅಲ್ಲೇ ಕೂತುಬಿಟ್ಟೆ. ಅಪ್ಪ ನಮ್ಮ ಹಾಲು ಕರೆಯುವ ಕೊಟ್ಟಿಗೆಗೆ ತಾನೇ ವೈರಿಂಗ್ ಮಾಡಿದವನು. ಏಣಿಯ ಬುಡದಲ್ಲಿ ಟಾರ್ಚು ಹಿಡಿದು ನಿಂತವಳು ನಾನು. ಆಗ ಕೇಳಿಸಿಕೊಂಡದ್ದು ಇನ್ನೂ ಕಿವಿಯಲ್ಲಿದೆ. "ಕಪ್ಪು ಮುಟ್ಟಬೇಡ ಮಗಳೇ, ಅದರಲ್ಲಿ ಜೀವ ಇದೆ. ಬಿಳಿ ಪಾಪದ್ದು." ಮನೆಯಲ್ಲಿ ಕಪ್ಪೇ ಕರೆಂಟು. ಕಾರಿನಲ್ಲಿ ಕಪ್ಪು ಅರ್ಥು. ನಾರ್ಬರ್ಟ್ ಹೇಳಿದ್ದು ಸುಳ್ಳಲ್ಲ, ನಾನು ನೋಡಿದ್ದೂ ಸುಳ್ಳಲ್ಲ. ಚಕ್ರ ಇದೆ ಅಂತ ನಾವಿಬ್ಬರೂ ಇದನ್ನು ಕಾರು ಅಂದುಕೊಂಡೆವು. ಕಟ್ಟಿದವನಿಗೆ ಇದು ಮನೆ.

ಹಾಗಾಗಿ ಟ್ರೇಲರಿನ ಮೈಯನ್ನೇ ಪ್ಲಸ್‌ಗೆ ಸೇರಿಸಿಬಿಟ್ಟಿದ್ದೆ. ಬಲ್ಬಿಗೆ ಯಾವ ಕಡೆಯಿಂದ ಬಂದರೂ ಒಂದೇ, ಅದು ಉರಿಯಿತು. ಕೊಂಡಿಯಲ್ಲಿ ಟ್ರೇಲರಿನ ಮೈ ಕಾರಿನ ಮೈಗೆ ತಾಗಿತು. ಪ್ಲಗ್ ಚುಚ್ಚಿದ ತಕ್ಷಣ ಪ್ಲಸ್ಸು ಮೈನಸ್ಸು ಮುಖಾಮುಖಿ.

ಪರದೆ ಮತ್ತೆ ಹಾಕಿದೆ. ಈಗ ಅವನಿಗೆ ಹೇಗೆ ಹೇಳುವುದು. ನೀನು ಹೇಳಿದ್ದು ತಪ್ಪು ಅಂದರೆ ಮುಗಿಯಿತು, ಕಣ್ಣು ಹೋದಮೇಲೆ ಬುದ್ಧಿಯೂ ಹೋಯಿತು ಅಂತ ತನ್ನನ್ನೇ ತಿಂದುಕೊಳ್ಳುತ್ತಾನೆ. ಹೇಳದೆ ತಂತಿ ಬದಲಾಯಿಸಿಬಿಡಬಹುದು. ಆಗ ನಾನೇ ತಪ್ಪು ಮಾಡಿದ್ದೆ ಅಂತಾಗುತ್ತದೆ. ಅದನ್ನು ನಾನು ಒಪ್ಪುವುದಿಲ್ಲ. ಎಷ್ಟು ಪ್ರೀತಿ ಇದ್ದರೂ ಇಲ್ಲ.


ಆಗಸ್ಟ್ ೨೬

ಅವನ ಕೈ ಹಿಡಿದು ಟ್ರೇಲರಿನೊಳಕ್ಕೆ ಕರೆದುಕೊಂಡು ಹೋದೆ. ಬರಲ್ಲ ಅಂದ. ಬಾ ಅಂದೆ, ಬಸ್ಸಿನಲ್ಲಿ ಹಿಂದಿನ ಸೀಟಿನವರಿಗೆ ಹೇಳುವ ದನಿಯಲ್ಲಿ. ಬಂದ.

"ಬಣ್ಣದ ಮಾತು ಬಿಡು. ಬೆರಳಲ್ಲಿ ನೋಡು."

ಅವನ ಬೆರಳನ್ನು ತಿರುಪಿನ ಮೇಲೆ ಇಟ್ಟೆ. ತಂತಿಯಗುಂಟ ಹೋದ. ತಗಡು ಸವರಿದ. ಮತ್ತೆ ತಿರುಪಿಗೆ ಬಂದ.

"ಇದು ತಗಡಿನ ಮೈಗೆ ಬಿಗಿದಿದೆ. ಹಾಗಾದ್ರೆ ಇದೇ ಅರ್ಥು."

"ಹೂಂ."

"ಯಾವ ಬಣ್ಣ?"

"ಬಿಳಿ."

ಇನ್ನೊಂದು ದೀಪ ತಡಕಿ ಹುಡುಕಿದ, ಬಿಚ್ಚಿಕೊಡು ಅಂದ. ಅದನ್ನೂ ಬೆರಳಲ್ಲಿ ನೋಡಿದ. ಅಲ್ಲೂ ಹಾಗೇ.

"ಕಾರು ಮಾಡೋನು ಹೀಗೆ ಮಾಡಲ್ಲ."

"ಕಾರು ಮಾಡೋನು ಮಾಡಿದ್ದಲ್ಲ ನಾರ್ಬ್. ಮನೆ ಕಟ್ಟೋ ಬಡಗಿ ಮಾಡಿದ್ದು."

ಹಾಸಿಗೆಯ ಅಂಚಿಗೆ ಕೂತ. ಭುಜ ಕುಲುಕುತ್ತಿತ್ತು. ಅಳುತ್ತಿದ್ದಾನೆ ಅಂದುಕೊಂಡೆ. ನಗುತ್ತಿದ್ದ.

"ಇಷ್ಟು ವರ್ಷ ಬೀಗದ ಕೈ ಜೇಬಲ್ಲಿಟ್ಕೊಂಡು ಮನೆ ಎಳ್ಕೊಂಡು ತಿರುಗಿದೀನಿ. ಒಂದು ಸಲಾನೂ ಒಳಗಿನ ತಂತಿ ನೋಡಿಲ್ಲ. ಪಿಕಪ್ಪಿಗೆ ಕಟ್ಟಿದ್ರೆ ಉರೀತಿತ್ತಲ್ಲ, ನೋಡೋ ಗರಜೇ ಬೀಳ್ಲಿಲ್ಲ."

ಆಮೇಲೆ ನನ್ನ ಕಿವಿಯಾಚೆಗೆ ನೋಡುತ್ತಾ ಹೇಳಿದ, "ನಿನ್ನ ಕಣ್ಣು ಸರಿಯಾಗಿದೆ ಆರ್ಡಿಸ್."

ಕ್ಷಮಿಸು ಅನ್ನುವ ಪದ ಅವನ ನಾಲಿಗೆಗೆ ಬರುವುದಿಲ್ಲ, ಮದುವೆಯಾದಾಗಿನಿಂದ ಬಂದಿಲ್ಲ. ಇದು ಅದೇ. ನಾನೂ ಹೇಳಿದೆ, ಅವತ್ತು ಕಣ್ಣಿನ ಮಾತು ಆಡಬಾರದಿತ್ತು ಅಂತ. "ಯಾವ ಮಾತು?" ಅಂದ. ಕಳ್ಳ.


ಆಗಸ್ಟ್ ೨೭. ಸಂಜೆ ಏಳೂವರೆ

ತಂತಿ ಬದಲಾಯಿಸಿದೆ. ಬಿಳಿ ಮೈನಸ್‌ಗೆ, ಕಪ್ಪು ಪ್ಲಸ್‌ಗೆ. ಹೊಸ ಫ್ಯೂಸ್. ಕೊಂಡಿ. ಪ್ಲಗ್. ಚುಚ್ಚಿದೆ. ಟಪ್ ಇಲ್ಲ. ಏನೂ ಇಲ್ಲ. ಮೌನ ಇಷ್ಟು ಚೆನ್ನಾಗಿರುತ್ತದೆ ಅಂತ ಗೊತ್ತಿರಲಿಲ್ಲ.

ಆದರೆ ಬ್ರೇಕ್ ಒತ್ತಿದವಳು ಹಿಂದೆ ಹೋಗಿ ನೋಡಲಾರಳು. ಬಸ್ಸಿನಲ್ಲಿದ್ದಾಗ ದಿನಾ ಬೆಳಿಗ್ಗೆ ಇನ್ನೊಬ್ಬ ಡ್ರೈವರು ಹಿಂದೆ ನಿಂತು ಕೂಗುತ್ತಿದ್ದ. ಇಲ್ಲಿ ಯಾರಿದ್ದಾರೆ? ಪಕ್ಕದ ಮನೆಯವರನ್ನು ಕರೆಯೋಣ ಅಂತ ಬಾಗಿಲು ತೆಗೆದೆ.

"ಕೂತ್ಕೋ. ನಾನು ನೋಡ್ತೀನಿ," ಅಂದ ನಾರ್ಬರ್ಟ್.

ಏನು ಹೇಳಲಿ? ಕೂತೆ. ಟ್ರೇಲರಿನ ಗೋಡೆ ಸವರಿಕೊಂಡು ಹಿಂದೆ ಹೋದ. ಪಕ್ಕದ ಕನ್ನಡಿಯಲ್ಲಿ ಕಂಡ. ಟ್ರೇಲರಿಗೆ ಭುಜ ಕೊಟ್ಟು, ಮುಖ ಜೋಳದ ಹೊಲದ ಕಡೆ ತಿರುಗಿಸಿ ನಿಂತಿದ್ದ. ಹಾಗೆ ನಿಂತರೇ ಅವನಿಗೆ ಕಾಣುವುದು.

"ಎಡ," ಅಂದೆ.

"ಮಿಣುಕ್ತಿದೆ."

"ಬಲ."

"ಇದೂ."

"ಹಿಂದಿನ ದೀಪ."

"ಎರಡೂ ಇದೆ. ಮೂಲೇಲಿ ಸಣ್ಣವೂ ಉರೀತಿವೆ, ಮೇಲಿನವು."

"ಬ್ರೇಕ್."

ಕಾಲು ಇನ್ನೂ ಗಟ್ಟಿಯಾಗಿ ಒತ್ತಿದೆ. "ನಾರ್ಬ್?"

"ಉರೀತಿದೆ ಕಣೇ." ದನಿ ಒಂದು ಥರ ಇತ್ತು. "ಕಾಲು ತೆಗೀಬೇಡ. ಸ್ವಲ್ಪ ಹೊತ್ತು ನೋಡ್ತೀನಿ."

ತೆಗೆಯಲಿಲ್ಲ. ಕಾಲು ಜೋಮು ಹಿಡಿಯುವವರೆಗೂ ತೆಗೆಯಲಿಲ್ಲ. ಕನ್ನಡಿಯಲ್ಲಿ ಅವನ ಅಂಗಿ ಕೆಂಪಗಿತ್ತು. ನಾನು ಮಾಡಿದ್ದು. ಆ ಕೆಂಪು ನನ್ನ ಕೈಯಿಂದ ಬಂದದ್ದು, ಈ ಉಗುರಿನ ಕೊಳೆ ಇರುವ ಕೈಯಿಂದ. ಹೆಮ್ಮೆ ಪಾಪ ಅಂತ ಪಾದ್ರಿ ಅನ್ನುತ್ತಾರೆ. ಈ ಸಲ ಪಾಪವೇ ಇರಲಿ.


ಸೆಪ್ಟೆಂಬರ್ ೨

ಶಾಲೆ ಶುರು. ಬಸ್ಸು ಹೋಯಿತು. ಇಂಡಿಕೇಟರ್ ಆರಿಸಿದ್ದಳು, ಶಭಾಷ್. ನಾನು ಟ್ರೇಲರ್ ಕಟ್ಟಿಕೊಂಡು ಸಂತೆ ಮೈದಾನದಲ್ಲಿ ಹಿಂದಕ್ಕೆ ತಗೊಳ್ಳುವುದನ್ನು ಅಭ್ಯಾಸ ಮಾಡಿದೆ. ಬಸ್ಸು ಹೇಳಿದಂತೆ ಕೇಳುತ್ತಿತ್ತು, ಇದು ಎಡಕ್ಕೆ ಅಂದರೆ ಬಲಕ್ಕೆ ಹೋಗುತ್ತದೆ. ಮೊಂಡು ಮಗು. ಮಧ್ಯಾಹ್ನದ ಹೊತ್ತಿಗೆ ನಮಗಿಬ್ಬರಿಗೂ ಒಪ್ಪಂದವಾಯಿತು.


ಸೆಪ್ಟೆಂಬರ್ ೬, ಶನಿವಾರ. ಸರೋವರ

ಬಂದೆವು. ಬಂದೇಬಿಟ್ಟೆವು.

ಬೆಳಿಗ್ಗೆ ಲೆಲ್ಯಾಂಡ್ ಪಿಕಪ್ ತಂದು ಹಿತ್ತಲಿನ ಬಾಯಿಗೇ ನಿಲ್ಲಿಸಿದ, ಕೊಂಡಿಗೆ ಗ್ರೀಸು ಹಚ್ಚಿಕೊಂಡು ಬಂದಿದ್ದ. ನನ್ನ ಕಾರಿನ ಹಿಂದೆ ಟ್ರೇಲರ್ ನೋಡಿ, "ಓಹೋ, ಮೆರವಣಿಗೆಗೆ ಸಿದ್ಧ" ಅಂದ. ಚಕ್ರ ಒದ್ದ. ಸರಪಳಿ ಎಳೆದ.

"ಎಡ ಹಾಕಿ ಅತ್ತಿಗೆ. ಬಲ. ಬ್ರೇಕ್." ಹಾಕಿದೆ. ಹಾಕಿದೆ. ಹಾಕಿದೆ. ಮುಖ ಹುಳ್ಳಗಾಯಿತು. "ನಿಂತಾಗ ಉರಿಯೋದು ದೊಡ್ಡ ವಿಷಯ ಅಲ್ಲ. ಎರಡು ಗಂಟೆ ದಾರಿ. ಅರ್ಧದಲ್ಲಿ ಬ್ಯಾಟರಿ ಕೈ ಕೊಡುತ್ತೆ ನೋಡ್ತಿರಿ. ನಾನು ಹಿಂದೇನೇ ಬರ್ತೀನಿ."

"ಬಾ. ದಾರಿ ತಪ್ಪಲ್ಲ ನಿಂಗೆ, ಕೆಂಪು ದೀಪ ನೋಡ್ಕೊಂಡು ಬಾ."

ನಾರ್ಬರ್ಟ್ ಪಕ್ಕದ ಸೀಟಿನಲ್ಲಿ. ಕೈ ಎಲ್ಲಿಡಬೇಕು ಅಂತ ಅವನಿಗೆ ಗೊತ್ತಾಗಲಿಲ್ಲ. ಮೊದಲ ಹತ್ತು ಮೈಲಿ ಇಲ್ಲದ ಬ್ರೇಕನ್ನು ತಾನೂ ಒತ್ತುತ್ತಿದ್ದ. ಆಮೇಲೆ ಚೀಸಿನ ಪೊಟ್ಟಣ ಬಿಚ್ಚಿ ನನಗೊಂದು ತನಗೊಂದು ಕೊಡತೊಡಗಿದ. ಅದು ಪಕ್ಕದ ಸೀಟಿನವರ ಕೆಲಸ, ಬೇಗ ಕಲಿತ.

ನದಿ ದಾಟಿದ ಮೇಲೆ ಮಂಜು. ಹಾಲು ಚೆಲ್ಲಿದ ಹಾಗೆ. ವೇಗ ಇಳಿಸಿದೆ, ಎಲ್ಲ ದೀಪ ಹಾಕಿದೆ. ಕನ್ನಡಿಯಲ್ಲಿ ಲೆಲ್ಯಾಂಡ್ ಕಾಣುತ್ತಿರಲಿಲ್ಲ. ಒಂದು ದೊಡ್ಡ ಹಾಲಿನ ಲಾರಿಯ ಮಂಜುದೀಪ ಹಿಂದಿನಿಂದ ಬಂತು. ಲೆಲ್ಯಾಂಡ್ ಮೀನು ಹೋಟೆಲಿನಲ್ಲಿ ಹೇಳಿದ್ದು ಇದೇ ಲಾರಿ. ಬಂತು… ಬಂತು… ನಿಧಾನ ಮಾಡಿತು. ದೂರದಿಂದಲೇ ನಿಧಾನ ಮಾಡಿ, ಇಂಡಿಕೇಟರ್ ಹಾಕಿ, ಗೌರವದಿಂದ ಪಕ್ಕಕ್ಕೆ ಸರಿದು ಮುಂದೆ ಹೋಯಿತು. ಕಂಡಿದ್ದೆ ನಾನು ಅವನಿಗೆ.

ನಾರ್ಬರ್ಟ್‌ನ ಫೋನು. ಲೆಲ್ಯಾಂಡ್. ಸ್ಪೀಕರಿಗೆ ಹಾಕಿದ.

"ಅಣ್ಣಾ… ಈ ಮಂಜಲ್ಲಿ ರಸ್ತೆ ಕಾಣ್ತಿಲ್ಲ ನಂಗೆ. ನಿಮ್ಮ ದೀಪ ಒಂದೇ ಕಾಣ್ತಿರೋದು. ಅತ್ತಿಗೆಗೆ ಸ್ವಲ್ಪ ನಿಧಾನ ಹೋಗೋಕೆ ಹೇಳು."

"ನೀನೇ ಹೇಳು, ಕೇಳಿಸ್ಕೊಳ್ತಿದಾಳೆ."

"ಅತ್ತಿಗೆ, ಸ್ವಲ್ಪ ನಿಧಾನ. ನಿಮ್ಮ ಹಿಂದೆ ಬರ್ತಿದೀನಿ."

ನಿಧಾನ ಹೋದೆ. ಮಕ್ಕಳನ್ನು ಕೂರಿಸಿಕೊಂಡಾಗ ಹೋಗುವ ಹಾಗೆ.

ಸರೋವರದ ಹತ್ತಿರ ಬಿಸಿಲು. ಮರದ ಸಂದಿಗೆ ಹಿಂದಕ್ಕೆ ತಗೊಂಡು ಹೋಗಿ, ಎರಡನೇ ಸಲಕ್ಕೇ ಕೂರಿಸಿದೆ. ಲೆಲ್ಯಾಂಡ್ ಸುತ್ತ ಒಂದು ಸುತ್ತು ಬಂದ, ಹಿಂದಿನ ದೀಪದ ಗಾಜಿನ ಮೇಲೆ ಅಂಗೈ ಇಟ್ಟ. ಬೆಚ್ಚಗಿತ್ತು. "ನವೆಂಬರಿಗೆ ಒಂದು ಡೇರೆ ತಗೋತೀನಿ ಬಿಡಿ," ಅಂದ. ಅಷ್ಟೇ ಅಂದ. ಸಾಕು. ಟ್ರೇಲರ್ ನಮ್ಮದು.

ಸಾಸೇಜ್ ಸುಟ್ಟೆವು. ಪಕ್ಕದ ಬಿಡಾರದ ಮುದುಕರೊಬ್ಬರು ಬಂದು ಡಬ್ಬಿ ನೋಡಿ, ನಾರ್ಬರ್ಟ್‌ಗೆ, "ನಿಮ್ಮದೇ ಕೆಲಸನಾ? ನೀವು ಮೆಕ್ಯಾನಿಕ್ ಅಂತಲ್ಲ" ಅಂದರು. ನಾನು ಬಟ್ಟಲು ಹಿಡಿದು ಬಾಗಿಲಲ್ಲಿ ನಿಂತಿದ್ದೆ. ಅವನು ಹೂಂ ಅಂದಿದ್ದರೂ ನನಗೆ ಬೇಜಾರಾಗುತ್ತಿರಲಿಲ್ಲ. ಇಲ್ಲ, ಆಗುತ್ತಿತ್ತು.

"ನಾನು ಹೇಳಿದ ಹಾಗೆ ಮಾಡಿದ್ದಕ್ಕೆ ಎರಡು ಫ್ಯೂಸ್ ಹೋಯ್ತು," ಅಂದ. "ಆಮೇಲೆ ಅವಳು ತನಗೆ ಗೊತ್ತಿದ್ದ ಹಾಗೆ ಮಾಡಿದಳು. ಉರೀತು."

ಬಟ್ಟಲು ಕೆಳಗಿಟ್ಟು ಒಳಗೆ ಹೋದೆ. ಕಣ್ಣೊರೆಸಿಕೊಂಡು ಉಪ್ಪು ಹುಡುಕಿದೆ.

ಲೆಲ್ಯಾಂಡ್ ಹೊರಡುವಾಗ ಗಾಡಿಯ ಕಿಟಕಿ ಇಳಿಸಿ, ಯಾರಿಗೂ ಕೇಳಿಸದ ಹಾಗೆ, "ಅತ್ತಿಗೆ, ನನ್ನ ದೋಣಿ ಟ್ರೇಲರಿನ ಎಡಗಡೆ ದೀಪ ಎರಡು ವರ್ಷದಿಂದ ಉರೀತಿಲ್ಲ…"

"ಮುಂದಿನ ವಾರ ತಗೊಂಡು ಬಾ. ಕುರ್ಚಿ ಹಾಕ್ಕೊಂಡು ಬಯ್ಯೋಕೆ ನಿಮ್ಮಣ್ಣ ಇರ್ತಾನೆ."


ಸೆಪ್ಟೆಂಬರ್ ೭, ಭಾನುವಾರ. ಬೆಳಿಗ್ಗೆ

ಐದಕ್ಕೇ ಎಚ್ಚರ. ಈ ಸಲ ಬೇಜಾರಿಲ್ಲ. ನೀರಿನ ಮೇಲೆ ಹೊಗೆ, ಬಾತುಗಳು. ರಜೆ ಮುಗಿದು ಮಕ್ಕಳೆಲ್ಲ ಶಾಲೆಗೆ ಹೋದ ಮೇಲಿನ ಸರೋವರ ಹೇಗಿರುತ್ತದೆ ಅಂತ ನಾನು ನೋಡಿದ್ದೇ ಇದು ಮೊದಲು. ಬ್ಯಾಟರಿ ನೋಡಿದೆ, ಚೆನ್ನಾಗಿದೆ. ಕಾಫಿ ಇಟ್ಟೆ.

ನಾರ್ಬರ್ಟ್ ಎದ್ದು ಬಂದು ಮೆಟ್ಟಿಲ ಮೇಲೆ ಕೂತ. ಬಟ್ಟಲು ಕೈಗೆ ಕೊಟ್ಟೆ. ನೀರಿನ ಕಡೆ ಮುಖ ಮಾಡಿದ್ದ, ಅಂದರೆ ನನ್ನನ್ನು ನೋಡುತ್ತಿದ್ದ.

"ಮುಂದಕ್ಕೆ ಎಲ್ಲಿಗೆ ಕರ್ಕೊಂಡು ಹೋಗ್ತೀಯ?" ಅಂತ ಕೇಳಿದ.

ಮದುವೆಯಾದಾಗಿನಿಂದ ಇದನ್ನು ಕೇಳುತ್ತಿದ್ದವಳು ನಾನು. ನಕ್ಷೆ ಯಾವಾಗಲೂ ಅವನ ತೊಡೆಯ ಮೇಲೆ, ನೋಡೋಣ ಅನ್ನುವ ಉತ್ತರವೂ ಅವನದೇ. ನಾನೂ ನೋಡೋಣ ಅಂದೆ, ಸ್ವಲ್ಪ ಕಾಯಲಿ ಅಂತ. ಆದರೆ ಬೆಳಿಗ್ಗೆಯೇ ಯೋಚಿಸಿಟ್ಟಿದ್ದೇನೆ. ಉತ್ತರಕ್ಕೆ. ಎಲೆ ಕೆಂಪಾಗುವ ಮುಂಚೆ ಹೊರಟರೆ, ಮೊದಲ ದಿನ ದೊಡ್ಡ ಸರೋವರದ ದಂಡೆಗೆ, ಅಲ್ಲಿಂದ ಸೇತುವೆ ದಾಟಿ…

ತಾಳು, ನಕ್ಷೆ ಎಲ್ಲಿ ಅಂತ ಕೇಳುತ್ತಿದ್ದಾನೆ, ನಾನೇ ಓದಿ ಹೇಳಬೇಕಂತೆ—